ಹೇಳಿಕೆ ವಾಪಸ್: ಉರಿಗೌಡರಿಂದ ರಫೇಲ್ ತನಕ

ಟಿಪ್ಪು ಸುಲ್ತಾನ್ ಸತ್ತದ್ದು 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಯೊಳಗೆ. ಕೊಂದವರು ಯಾರು ಎನ್ನುವುದಕ್ಕೆ ಇನ್ನೂರ ಇಪ್ಪತ್ತು ವರ್ಷ ದಾಟಿದ ಮೇಲೆ, 2023ರ ವಿಧಾನಸಭೆ ಚುನಾವಣೆ ಹತ್ತಿರ ಬಂದಾಗ, ನಮಗೊಂದು ಹೊಸ ಉತ್ತರ ಸಿಕ್ಕಿತು. ಬ್ರಿಟಿಷರಲ್ಲವಂತೆ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರಂತೆ. ಈ ಉತ್ತರ ಕೊಟ್ಟವರಲ್ಲಿ ಇತಿಹಾಸದ ಮೇಷ್ಟ್ರುಗಳು ಕಡಿಮೆ. ಸಚಿವರಾಗಿದ್ದ ಅಶ್ವತ್ಥನಾರಾಯಣ, ಆಗ ಬಿಜೆಪಿಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಸಿ.ಟಿ. ರವಿ, ಇಂಥವರೇ ಮುಂದೆ ನಿಂತಿದ್ದರು.

ಕಥೆ ಒಂದೇ ದಿನ ಹುಟ್ಟಿದ್ದಲ್ಲ. 2022ರ ನವೆಂಬರಿನಲ್ಲಿ ಮೈಸೂರಿನ ರಂಗಾಯಣದ ನಾಟಕವೊಂದರಲ್ಲಿ ಈ ಇಬ್ಬರು ಕಾಣಿಸಿಕೊಂಡರು. ಅಲ್ಲಿಂದ ಭಾಷಣಗಳಿಗೆ ಇಳಿದರು. ಮಂಡ್ಯ ಜಿಲ್ಲೆಯ ಬಗ್ಗೆ ಬಂದ ಹಳೆಯ ಗ್ರಂಥವೊಂದರಲ್ಲಿ ಹೆಸರಿದೆ ಎಂದು ಪುಟ ತೋರಿಸುವುದೂ ಶುರುವಾಯಿತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬರುವ ಹೊತ್ತಿಗೆ ಉರಿಗೌಡ–ನಂಜೇಗೌಡರ ಹೆಸರಿನ ಸ್ವಾಗತ ಕಮಾನೇ ಎದ್ದು ನಿಂತಿತ್ತು. ಟೀಕೆ ಜೋರಾದಾಗ ಆ ಹೆಸರು ಹೋಗಿ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಬಂತು. ಆಮೇಲೆ ಸಚಿವ ಮುನಿರತ್ನ ಈ ಹೆಸರಲ್ಲಿ ಸಿನಿಮಾ ಮಾಡುತ್ತೇನೆ ಎಂದು ಹೊರಟರು. ಫಿಲಂ ಚೇಂಬರಿಗೆ ಟೈಟಲ್ ಕೂಡ ಹೋಯಿತು.

ಸುಳ್ಳಿಗೆ ನಿಲ್ಲಲು ಜಾಗ ಬೇಕು. ಈ ಕಥೆಗೆ ಜಾಗ ಸಿಕ್ಕಿದ್ದು ಎಲ್ಲಿ ಎಂದು ನೋಡಿದರೆ ವಿಷಯ ಸ್ವಲ್ಪ ಕುತೂಹಲದ್ದೇ. ಟಿಪ್ಪುವಿನ ಮೇಲೆ ಗುಂಡು ಹಾರಿಸಿದ ಸಿಪಾಯಿಯ ಹೆಸರು ನಿಜಕ್ಕೂ ಯಾರಿಗೂ ಗೊತ್ತಿಲ್ಲ. ಮೇ ತಿಂಗಳು, ಕಾವೇರಿಯಲ್ಲಿ ನೀರು ಕಡಿಮೆ. ಮಧ್ಯಾಹ್ನ ಊಟದ ಹೊತ್ತಿಗೆ ಬ್ರಿಟಿಷ್ ಸೇನಾಧಿಕಾರಿ ಬೇರ್ಡ್‌ನ ಪಡೆ ಹೊಳೆ ದಾಟಿ, ಒಡೆದ ಗೋಡೆಯ ಮೂಲಕ ನುಗ್ಗಿತು. ಈ ಬೇರ್ಡ್ ಅದೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಕೋಟೆಯೊಳಗಿನ ಒಂದು ಬಾಗಿಲ ಬಳಿ ಹೆಣಗಳ ರಾಶಿ ಬಿತ್ತು. ಕತ್ತಲಾದ ಮೇಲೆ ದೀಪ ಹಿಡಿದು ಹುಡುಕಿದಾಗ ಆ ರಾಶಿಯಲ್ಲಿ ಟಿಪ್ಪುವಿನ ದೇಹ ಸಿಕ್ಕಿತು. ಕೊಂದವನಿಗೆ ತಾನು ಕೊಂದದ್ದು ಯಾರನ್ನು ಎಂಬುದೇ ಗೊತ್ತಿರಲಿಲ್ಲವೋ ಏನೋ. ದಾಖಲೆಯಲ್ಲಿ ಹೀಗೊಂದು ಖಾಲಿ ಜಾಗ ಉಳಿಯಿತು. ಆ ಖಾಲಿ ಜಾಗದಲ್ಲಿ ನಮ್ಮವರು ಇಬ್ಬರು ಗೌಡರನ್ನು ತಂದು ಕೂರಿಸಿದರು.

ಆದರೆ ಸುತ್ತಮುತ್ತ ಖಾಲಿ ಇರಲಿಲ್ಲವಲ್ಲ. ಗೆದ್ದ ಸೈನ್ಯ ಲೂಟಿಯ ಲೆಕ್ಕವನ್ನು ಬರೆದಿಟ್ಟುಕೊಂಡಿತ್ತು. ಸಿಂಹಾಸನವನ್ನು ತುಂಡು ತುಂಡು ಮಾಡಿ ಹಂಚಿಕೊಂಡದ್ದು, ಅದರ ಹುಲಿಯ ತಲೆ ಇಂಗ್ಲೆಂಡಿನ ಅರಮನೆ ಸೇರಿದ್ದು ಎಲ್ಲ ಬರಹದಲ್ಲಿದೆ. ಸಿಂಹಾಸನದ ತುಂಡಿಗೆ ಲೆಕ್ಕ ಇಟ್ಟವರು ಟಿಪ್ಪುವನ್ನು ಕೊಂದುಕೊಟ್ಟ ಇಬ್ಬರು ಸ್ಥಳೀಯರನ್ನು ಮರೆಯುತ್ತಾರಾ? ಅವರು ಮರೆತರೂ ಒಡೆಯರ ಮನೆತನ ಮರೆಯುತ್ತಿತ್ತಾ? ಅದೇ ವರ್ಷ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಲಾಯಿತು. ಟಿಪ್ಪುವನ್ನು ಇಳಿಸಲು ವರ್ಷಗಳಿಂದ ಹೆಣಗಿದ್ದ ರಾಣಿ ಲಕ್ಷ್ಮಮ್ಮಣ್ಣಿ ಇನ್ನೂ ಇದ್ದರು. ಇಂಥ ಕೆಲಸ ಮಾಡಿದವರಿಗೆ ಒಂದು ಇನಾಮು ಊರಾದರೂ ಸಿಗಬೇಕಿತ್ತು. ಹಾಗೆ ಕೊಟ್ಟ ಇನಾಮಿನ ದಾಖಲೆಯನ್ನು ಇದುವರೆಗೆ ಯಾರೂ ತಂದು ತೋರಿಸಿಲ್ಲ. ಆ ಹೆಸರಿನವರು ಆ ಸೀಮೆಯಲ್ಲಿ ಇದ್ದಿರಬಹುದು, ಟಿಪ್ಪುವಿನ ಆಡಳಿತಕ್ಕೆ ಎದುರು ನಿಂತಿರಲೂಬಹುದು. ಅಲ್ಲಿಂದ ಕೊಂದರು ಎನ್ನುವ ತನಕ ದಾರಿ ಬಹಳ ಉದ್ದ ಇದೆ.

ನಮ್ಮ ಸೋದರಮಾವ ಮದ್ದೂರು ಕಡೆಯವರು. ಆ ದಿನಗಳಲ್ಲಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಇಬ್ಬರು ಮೀಸೆಯ ವೀರರು ಟಿಪ್ಪುವನ್ನು ಕತ್ತಿಯಿಂದ ಇರಿಯುವ ಚಿತ್ರವನ್ನು ದಿನಾ ಹಾಕುತ್ತಿದ್ದರು. ಟಿಪ್ಪು ಸತ್ತದ್ದು ಗುಂಡೇಟಿನಿಂದ ಅಲ್ವಾ ಮಾವ ಎಂದು ಕೇಳಿದೆ. "ಅಯ್ಯೋ ಬುಡು ಮಗ, ಯಾರು ಸಾಯ್ಸುದ್ರೇನು, ನಮ್ಮೋರ ಹೆಸ್ರು ಬತ್ತದಲ್ಲ" ಅಂದರು. ಅವರಿಗೆ ಬೇಕಾದದ್ದು ಟಿಪ್ಪುವಿನ ಸಾವಲ್ಲ, ನಮ್ಮೋರ ಹೆಸರು. ಹೇಳುವವರಿಗೂ ಅದು ಚೆನ್ನಾಗಿ ಗೊತ್ತಿತ್ತು.

ಅಡ್ಡ ಬಂದದ್ದೂ ನಮ್ಮೋರೇ. ಒಕ್ಕಲಿಗರನ್ನು ಕೊಲೆಗಾರರ ಹಾಗೆ ತೋರಿಸಿ ಸಮುದಾಯಕ್ಕೆ ಮಸಿ ಬಳಿಯುತ್ತಿದ್ದೀರಿ ಎಂದು ಕುಮಾರಸ್ವಾಮಿ ತಿರುಗಿಬಿದ್ದರು. ಇತಿಹಾಸ ಬಲ್ಲವರು ಅದಕ್ಕೂ ಮೊದಲೇ ಪುರಾವೆ ಇಲ್ಲ ಎಂದು ಹೇಳುತ್ತಲೇ ಇದ್ದರು. ಅವರ ಮಾತನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಮಾರ್ಚ್ 20ರಂದು ಒಕ್ಕಲಿಗರ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಮುನಿರತ್ನರನ್ನು ಕರೆಸಿಕೊಂಡರು. ಶಾಸನ, ದಾಖಲೆ ಏನಿದೆಯೋ ತನ್ನಿ, ತಿಳಿದವರು ನೋಡಲಿ, ಅಲ್ಲಿಯವರೆಗೆ ಗೊಂದಲ ಹುಟ್ಟಿಸಬೇಡಿ ಎಂಬ ಅರ್ಥದ ಮಾತು ಹೇಳಿದರು. ಅಷ್ಟಕ್ಕೇ ಸಿನಿಮಾ ನಿಂತಿತು. ಯಾರ ಮನಸ್ಸಿಗೂ ನೋವು ಮಾಡುವ ಉದ್ದೇಶ ಇಲ್ಲ, ಸಿನಿಮಾ ಮಾಡುವುದಿಲ್ಲ ಎಂದು ಮುನಿರತ್ನ ಹೊರಗೆ ಬಂದರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನಾವು ಹೇಳಿದ್ದು ಸುಳ್ಳು ಎಂದು ಯಾರೂ ಹೇಳಲಿಲ್ಲ. ಟಿಪ್ಪುವನ್ನು ಕೊಂದದ್ದು ಬ್ರಿಟಿಷ್ ಸೈನ್ಯವೇ ಎಂದೂ ಹೇಳಲಿಲ್ಲ. ಮಠ ಬೇಡ ಅಂದಿತು, ನಿಲ್ಲಿಸಿದರು, ಅಷ್ಟೇ. ಪುರಾವೆ ಇಲ್ಲ ಎಂಬ ಅದೇ ಮಾತನ್ನು ಪ್ರೊಫೆಸರು ಹೇಳಿದಾಗ ಕೇಳಿಸಲಿಲ್ಲ, ಸ್ವಾಮೀಜಿ ಹೇಳಿದಾಗ ಕೇಳಿಸಿತು. ಪ್ರೊಫೆಸರ ಹಿಂದೆ ಓಟಿಲ್ಲ ನೋಡಿ.

ಆವತ್ತಿನಿಂದ ನನಗೊಂದು ಚಟ ಹತ್ತಿದೆ. ಯಾರಾದರೂ ರಾಜಕಾರಣಿ ಮಾತು ವಾಪಸ್ ಪಡೆದರೆ, ಏನು ಹೇಳಿದ್ದರು ಎಂಬುದಕ್ಕಿಂತ ಮೊದಲು ಯಾರಿಗೆ ಕ್ಷಮೆ ಕೇಳಿದರು ಎಂದು ನೋಡುತ್ತೇನೆ. ಅಲ್ಲಿ ಭಯ ಯಾವ ದಿಕ್ಕಿನಿಂದ ಬಂತು ಎಂಬುದು ಗೊತ್ತಾಗುತ್ತದೆ. ಸತ್ಯದ ಭಯ ಇದ್ದ ಒಂದು ಪ್ರಕರಣಕ್ಕಾಗಿ ಇನ್ನೂ ಹುಡುಕುತ್ತಿದ್ದೇನೆ.

2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಮಾರ್ಚ್ 19ರಂದು, ನಗರ್ತಪೇಟೆಯ ಅಂಗಡಿಯವನೊಬ್ಬನ ಮೇಲಿನ ಹಲ್ಲೆ ಖಂಡಿಸಿ ನಡೆದ ಪ್ರತಿಭಟನೆಯಲ್ಲಿ ಕೇಂದ್ರ ಸಚಿವೆ ಶೋಭಾ ಕರಂದ್ಲಾಜೆ ಮಾತಾಡಿದರು. ಆಗ ಅವರು ಬೆಂಗಳೂರು ಉತ್ತರದ ಅಭ್ಯರ್ಥಿ. ತಮಿಳುನಾಡಿನಿಂದ ಬರುತ್ತಾರೆ, ಅಲ್ಲಿ ತರಬೇತಿ ಪಡೆದು ಇಲ್ಲಿ ಬಾಂಬ್ ಇಡುತ್ತಾರೆ ಎಂದರು. ಕೇರಳದಿಂದ ಬಂದವರು ಹೆಣ್ಣುಮಕ್ಕಳ ಮೇಲೆ ಆ್ಯಸಿಡ್ ಹಾಕುತ್ತಾರೆ ಎಂದೂ ಸೇರಿಸಿದರು. ತನಿಖೆ ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎ ಕೈಯಲ್ಲಿತ್ತು. ಬಾಂಬ್ ಇಟ್ಟವನು ಆಗಿನ್ನೂ ಸಿಕ್ಕಿರಲಿಲ್ಲ.

ತಮಿಳುನಾಡಿನಲ್ಲಿ ಗಲಾಟೆ ಎದ್ದಿತು. ಡಿಎಂಕೆ ಚುನಾವಣಾ ಆಯೋಗಕ್ಕೆ ದೂರು ಕೊಟ್ಟಿತು. ಮಧುರೈನಲ್ಲಿ ಎಫ್‌ಐಆರ್ ಆಯಿತು. ಕರಂದ್ಲಾಜೆ ತಮಿಳು ಸಹೋದರ ಸಹೋದರಿಯರನ್ನು ಉದ್ದೇಶಿಸಿ ಎಕ್ಸ್‌ನಲ್ಲಿ ಬರೆದರು. ತಾನು ಹೇಳಿದ್ದು ಕೃಷ್ಣಗಿರಿ ಕಾಡಿನಲ್ಲಿ ತರಬೇತಿ ಪಡೆದವರ ಬಗ್ಗೆ ಮಾತ್ರ, ನೋವಾಗಿದ್ದರೆ ಕ್ಷಮಿಸಿ ಎಂದರು. ಕ್ಷಮೆಯೂ ಇದೆ, ಕೃಷ್ಣಗಿರಿಯೂ ಇದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. ಇನ್ನು ಕೇರಳ? ಆ ಬರಹದಲ್ಲಿ ಕೇರಳದ ಸುದ್ದಿಯೇ ಇರಲಿಲ್ಲ. ಒಂದೇ ಭಾಷಣ, ಒಂದೇ ಉಸಿರಿನಲ್ಲಿ ಬಂದ ಎರಡು ಮಾತು. ಒಂದಕ್ಕೆ ಕ್ಷಮೆ ಸಿಕ್ಕಿತು, ಇನ್ನೊಂದಕ್ಕೆ ಇಲ್ಲ. ಯಾಕೆ ಅಂತ ನನಗೆ ಅನಿಸುವುದು ಇಷ್ಟು: ಬೆಂಗಳೂರಿನಲ್ಲಿ ತಮಿಳು ಮತದಾರರು ಜಾಸ್ತಿ, ತಮಿಳುನಾಡಿನಲ್ಲಿ ಪಕ್ಷಕ್ಕೆ ಆ ಸಲ ದೊಡ್ಡ ಆಸೆ ಇತ್ತು, ಬೆನ್ನ ಹಿಂದೆ ಎಫ್‌ಐಆರ್ ಬೇರೆ.

ಏಪ್ರಿಲ್ 12ರಂದು ಎನ್‌ಐಎ ಪಶ್ಚಿಮ ಬಂಗಾಳದಲ್ಲಿ ಇಬ್ಬರು ಮುಖ್ಯ ಆರೋಪಿಗಳನ್ನು ಹಿಡಿಯಿತು. ಇಬ್ಬರೂ ನಮ್ಮ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯವರು. ಅದಾದ ಮೇಲೆ, ಆವತ್ತು ನಾನು ಹೇಳಿದ್ದು ತಪ್ಪಾಗಿತ್ತು ಎಂಬ ಮಾತನ್ನು ಬೆಂಗಳೂರಿನ ಯಾವ ವೇದಿಕೆಯಲ್ಲೂ ನಾನು ಕೇಳಲಿಲ್ಲ. ಕರಂದ್ಲಾಜೆ ಚುನಾವಣೆ ಗೆದ್ದರು, ಮತ್ತೆ ಮಂತ್ರಿಯಾದರು. ಎಫ್‌ಐಆರ್ ಮದ್ರಾಸ್ ಹೈಕೋರ್ಟಿನಲ್ಲಿತ್ತು. ಕ್ಷಮೆಯನ್ನು ಪತ್ರಿಕಾಗೋಷ್ಠಿ ಕರೆದು ಕೇಳಬೇಕೋ, ಎಕ್ಸ್‌ನಲ್ಲಿ ಬರೆದದ್ದು ಸಾಕೋ ಎಂಬ ವಾದವೂ ಅಲ್ಲಿ ನಡೆಯಿತು. ನನಗೆ ಆ ವಾದ ಬಹಳ ಹಿಡಿಸಿತು. ಮೈಕಿನ ಮುಂದೆ ಹೇಳಿದ್ದನ್ನು ಮೈಕಿನ ಮುಂದೆಯೇ ವಾಪಸ್ ಪಡೆಯಬೇಕು ಎಂದು ಕೇಳುವುದರಲ್ಲಿ ತಪ್ಪೇನಿದೆ? ಕೊನೆಗೆ ಅಫಿಡವಿಟ್ಟಿನಲ್ಲಿ ಕ್ಷಮೆ ಬಂತು, ತಮಿಳುನಾಡು ಸರ್ಕಾರ ಒಪ್ಪಿತು, 2024ರ ಸೆಪ್ಟೆಂಬರಿನಲ್ಲಿ ಕೇಸು ರದ್ದಾಯಿತು.

ಭಯದಿಂದ ವಾಪಸ್ ಪಡೆದರೆ ನಿಜವೂ ಸುಳ್ಳಿನ ಜೊತೆ ಹೋಗಿಬಿಡುತ್ತದೆ. 2022ರ ನವೆಂಬರಿನಲ್ಲಿ ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿ ನಿಪ್ಪಾಣಿಯಲ್ಲಿ ಮಾತಾಡುತ್ತ, ಹಿಂದೂ ಎಂಬ ಪದ ಪರ್ಷಿಯಾದಿಂದ ಬಂದದ್ದು, ಅದಕ್ಕೆ ಬಹಳ ಕೆಟ್ಟ ಅರ್ಥವಿದೆ ಎಂದರು. ಮೊದಲರ್ಧ ಹೆಚ್ಚುಕಡಿಮೆ ಸರಿಯೇ. ಸಿಂಧೂ ನದಿಯ ಹೆಸರು ಪರ್ಷಿಯನ್ನರ ಬಾಯಲ್ಲಿ ಹಿಂದೂ ಆಯಿತು ಎಂದು ಶಾಲೆಯಲ್ಲೇ ಓದಿದ್ದೇವೆ. ಎರಡನೇ ಅರ್ಧ ಆ ಪದದ ಹುಟ್ಟಿಗೆ ಸಂಬಂಧವೇ ಇಲ್ಲದ್ದು. ಮೊದಲು ಜಗ್ಗಲಿಲ್ಲ. ತಪ್ಪೆಂದು ಸಾಬೀತು ಮಾಡಿದರೆ ಶಾಸಕ ಸ್ಥಾನಕ್ಕೇ ರಾಜೀನಾಮೆ ಎಂದರು. ಸ್ವಂತ ಪಕ್ಷದವರೇ ಖಂಡಿಸಿದರು. ಮೂರೇ ದಿನದಲ್ಲಿ ಮುಖ್ಯಮಂತ್ರಿ ಬೊಮ್ಮಾಯಿಗೆ ಪತ್ರ ಬರೆದು ಹೇಳಿಕೆ ವಾಪಸ್ ಪಡೆದರು, ತನ್ನ ಮಾತನ್ನು ತಿರುಚಿದವರ ಬಗ್ಗೆ ತನಿಖೆಯನ್ನೂ ಕೇಳಿದರು. ಯಾವ ಭಾಗ ಸರಿ, ಯಾವುದು ತಪ್ಪು ಎಂದು ಬಿಡಿಸಿ ಹೇಳಲು ಒಳ್ಳೆಯ ಅವಕಾಶ ಇತ್ತು. ಯಾರಿಗೂ ಅದು ಬೇಕಿರಲಿಲ್ಲ. ಪೂರ್ತಿ ಮಾತೇ ಹೋಯಿತು.

ಕೋರ್ಟಿನ ಭಯ ಬೇರೆ ಥರದ್ದು. ಅದು ನಿಧಾನವಾಗಿ ಕೆಲಸ ಮಾಡುತ್ತದೆ, ಒಂದೊಂದೇ ಮೆಟ್ಟಿಲು ಇಳಿಸುತ್ತದೆ. ರಾಹುಲ್ ಗಾಂಧಿ ಇಳಿದದ್ದನ್ನು ತಾರೀಖು ಹಿಡಿದೇ ನೋಡಬೇಕು. 2019ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟು, ರಫೇಲ್ ಯುದ್ಧವಿಮಾನ ಖರೀದಿಯ ತೀರ್ಪಿನ ಮರುಪರಿಶೀಲನೆಯಲ್ಲಿ ಸೋರಿಕೆಯಾದ ದಾಖಲೆಗಳನ್ನೂ ನೋಡಬಹುದು ಎಂದಿತು. ಅಷ್ಟೇ ಹೇಳಿದ್ದು. ಆ ದಿನವೇ ಅಮೇಠಿಯಲ್ಲಿ ರಾಹುಲ್, ಚೌಕಿದಾರ ಕಳ್ಳ ಎಂದು ಸುಪ್ರೀಂ ಕೋರ್ಟೇ ಹೇಳಿದೆ ಎಂಬಂತೆ ಮಾತಾಡಿದರು. ಚೌಕಿದಾರ್ ಚೋರ್ ಹೈ ಎನ್ನುವುದು ಪ್ರಧಾನಿ ಮೋದಿಯವರ ವಿರುದ್ಧ ಅವರ ಪ್ರಚಾರದ ಘೋಷಣೆ. ಅದನ್ನು ನ್ಯಾಯಾಧೀಶರ ಬಾಯಿಗೆ ತುರುಕಿಬಿಟ್ಟರು. ಬಿಜೆಪಿಯ ಮೀನಾಕ್ಷಿ ಲೇಖಿ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದರು.

ಏಪ್ರಿಲ್ 22ರ ಅಫಿಡವಿಟ್ಟಿನಲ್ಲಿ ವಿಷಾದ ಬಂತು, ಪ್ರಚಾರದ ಬಿಸಿಯಲ್ಲಿ ಆಡಿದ ಮಾತು ಎಂಬ ವಿವರಣೆ ಜೊತೆಗೆ. ಸಾಲಲಿಲ್ಲ. ಇನ್ನೊಂದು ಅಫಿಡವಿಟ್ ಹಾಕಿದರು. ಅದೂ ಸಾಲಲಿಲ್ಲ. ತಪ್ಪು ಒಂದು ಕಡೆ ಒಪ್ಪುತ್ತೀರಿ, ಇನ್ನೊಂದು ಕಡೆ ಸಮರ್ಥಿಸುತ್ತೀರಿ ಎಂದು ಏಪ್ರಿಲ್ 30ರಂದು ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ ಅವರ ಪೀಠ ಅವರ ವಕೀಲರನ್ನು ತರಾಟೆಗೆ ತೆಗೆದುಕೊಂಡಿತು. ಮೇ 8ರಂದು ಬೇಷರತ್ ಕ್ಷಮೆ ಬಂತು. ನವೆಂಬರ್ 14ರಂದು, ಇನ್ನು ಮುಂದೆ ಎಚ್ಚರದಿಂದಿರಿ ಎಂದು ಹೇಳಿ ಕೋರ್ಟು ಪ್ರಕರಣ ಮುಗಿಸಿತು.

ಈಗ ಚುನಾವಣೆಯ ಕ್ಯಾಲೆಂಡರನ್ನು ಪಕ್ಕದಲ್ಲಿಟ್ಟುಕೊಳ್ಳಿ. ಆ ಸಲ ಮತದಾನ ಏಳು ಹಂತಗಳಲ್ಲಿ ನಡೆಯಿತು. ಕರ್ನಾಟಕದ 14 ಕ್ಷೇತ್ರಗಳಲ್ಲಿ ಏಪ್ರಿಲ್ 18ಕ್ಕೆ, ಉಳಿದ 14ರಲ್ಲಿ 23ಕ್ಕೆ ಓಟು ಬಿತ್ತು. ಬೇಷರತ್ ಕ್ಷಮೆ ಬರುವ ಹೊತ್ತಿಗೆ ನಮ್ಮ 28 ಕ್ಷೇತ್ರಗಳ ಮತಯಂತ್ರಗಳು ಸ್ಟ್ರಾಂಗ್ ರೂಮಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ದೇಶದಲ್ಲಿ ಏಳರಲ್ಲಿ ಐದು ಹಂತ ಮುಗಿದಿತ್ತು. ಕೋರ್ಟು ಹೇಳಿದೆ ಎಂದು ನಂಬಿ ಓಟು ಹಾಕಿದವರು ಇದ್ದರೋ ಇಲ್ಲವೋ, ಇದ್ದಿದ್ದರೆ ಅವರಿಗೆ ಈ ಕ್ಷಮೆಯಿಂದ ಏನೂ ಆಗಬೇಕಿರಲಿಲ್ಲ. ಕ್ಷಮೆ ಅವರಿಗೆ ಬರೆದದ್ದೂ ಅಲ್ಲ. ಅದು ಪೀಠಕ್ಕೆ ಬರೆದದ್ದು. ತಪ್ಪಾದದ್ದು ಕೋರ್ಟಿನ ಘನತೆಗೆ, ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಸರಿಯೇ. ಆದರೆ ಆ ಮಾತನ್ನು ಹೇಳಿದ್ದು ನ್ಯಾಯಾಧೀಶರಿಗಲ್ಲವಲ್ಲ, ನಮಗೆ.

ಕೇಜ್ರಿವಾಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಭ್ರಷ್ಟರ ಪಟ್ಟಿ ಓದಿಯೇ ಬೆಳೆದ ಪಕ್ಷ ಅವರ ಆಮ್ ಆದ್ಮಿ. 2018ರ ಮಾರ್ಚ್, ಏಪ್ರಿಲ್‌ನಲ್ಲಿ ಅವರು ಪಂಜಾಬಿನ ಅಕಾಲಿ ದಳದ ನಾಯಕ ಮಜೀಠಿಯಾ, ನಿತಿನ್ ಗಡ್ಕರಿ, ಅರುಣ್ ಜೇಟ್ಲಿ ಹೀಗೆ ಸಾಲಾಗಿ ಕ್ಷಮೆ ಕೇಳಿದರು. ಮಾನನಷ್ಟ ಮೊಕದ್ದಮೆಗಳು ತಲೆಯ ಮೇಲಿದ್ದವು, ಜೇಟ್ಲಿಯವರದ್ದೊಂದೇ 10 ಕೋಟಿ ರೂಪಾಯಿಯ ದಾವೆ. ಪರಿಶೀಲಿಸದೆ ಆರೋಪ ಮಾಡಿದ್ದೆ ಎಂಬ ಅರ್ಥದ ಪತ್ರಗಳು ಹೋದವು, ಕೇಸುಗಳು ವಾಪಸಾದವು. ಮಜೀಠಿಯಾ ಅವರನ್ನು ಡ್ರಗ್ಸ್ ವಿಚಾರದಲ್ಲಿ ಬೈಯುತ್ತಲೇ ಪಂಜಾಬಿನ ಊರೂರು ಸುತ್ತಿದ್ದ ಭಗವಂತ ಮಾನ್ ಬೇಸತ್ತು ಪಕ್ಷದ ರಾಜ್ಯಾಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಆ ರಾಜೀನಾಮೆ ನನಗೆ ಮುಖ್ಯ ಅನಿಸುತ್ತದೆ. ನಾಯಕನ ಮಾತು ನಂಬಿ ಊರೂರಲ್ಲಿ ಅದನ್ನೇ ಹೇಳಿದ ಕಾರ್ಯಕರ್ತನಿಗೆ ಯಾರೂ ಪತ್ರ ಬರೆಯುವುದಿಲ್ಲ.

ನಮ್ಮಲ್ಲಿ ಕೋರ್ಟಿಗಿಂತ ದೊಡ್ಡ ಕೋರ್ಟು ಇನ್ನೊಂದಿದೆ, ಧರ್ಮಸ್ಥಳ. 2011ರಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿ. ತನ್ನ ಮೇಲಿನ ಆರೋಪಗಳನ್ನು ನಿಲ್ಲಿಸಲು ಕುಮಾರಸ್ವಾಮಿ ಕಡೆಯಿಂದ ಸಂಧಾನದ ಮಾತು ಬಂದಿತ್ತು ಎಂದು ಅವರು, ಇಲ್ಲವೇ ಇಲ್ಲ ಎಂದು ಕುಮಾರಸ್ವಾಮಿ. ಹಾಗಾದರೆ ಮಂಜುನಾಥನ ಮುಂದೆ ಬಂದು ಆಣೆ ಮಾಡಿ ಎಂದು ಯಡಿಯೂರಪ್ಪ ಪತ್ರಿಕೆಗಳಲ್ಲಿ ಜಾಹೀರಾತನ್ನೇ ಕೊಟ್ಟರು. ಜೂನ್ 27ಕ್ಕೆ ಮುಹೂರ್ತ. ಟಿವಿಯವರು ಕ್ಯಾಮೆರಾ ಹೊತ್ತು ಬೆಟ್ಟ ಇಳಿದರು. ಇಬ್ಬರೂ ಹೋದರು, ಇಬ್ಬರೂ ಕೈ ಮುಗಿದರು, ಇಬ್ಬರೂ ಆಣೆ ಮಾಡದೆ ವಾಪಸ್ ಬಂದರು. ಇಬ್ಬರಲ್ಲಿ ಒಬ್ಬರ ಮಾತಾದರೂ ಸುಳ್ಳಿರಲೇಬೇಕಿತ್ತು. ಯಾವುದು ಎಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಮೈಕಿನ ಮುಂದೆ ನೂರು ಸಲ ಹೇಳಿದ್ದನ್ನು ಮಂಜುನಾಥನ ಮುಂದೆ ಒಂದು ಸಲ ಹೇಳಲು ಆಗಲಿಲ್ಲ. ಆ ದಿನ ನಗು ಬಂದಿತ್ತು. ಈಗ ಯೋಚಿಸಿದರೆ, ದೇವರಿಗೆ ಇರುವ ಆ ಬೆಲೆ ಮತದಾರನಿಗೆ ಯಾಕಿಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಕಾನೂನು ತರಬೇಕು ಎನ್ನುವ ಗೆಳೆಯರಿದ್ದಾರೆ. ಇರುವ ಕಾನೂನು ಏನು ಹೇಳುತ್ತದೆ ಎಂದು ನೋಡಿದರೆ ಸಾಕು. ಜನತಾ ಪ್ರಾತಿನಿಧ್ಯ ಕಾಯ್ದೆಯ 123(4)ನೇ ಕಲಂ ಸುಳ್ಳು ಹೇಳಿಕೆಯನ್ನು ಚುನಾವಣಾ ಭ್ರಷ್ಟಾಚಾರ ಅನ್ನುತ್ತದೆ, ಆದರೆ ಆ ಸುಳ್ಳು ಒಬ್ಬ ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯ, ನಡತೆ ಅಥವಾ ಉಮೇದುವಾರಿಕೆಯ ಬಗ್ಗೆ ಇರಬೇಕು. ಮಾನನಷ್ಟಕ್ಕೂ ಮಾನ ಕಳೆದುಕೊಂಡ ವ್ಯಕ್ತಿ ಬೇಕು. 1799ರ ಬಗ್ಗೆ ಸುಳ್ಳು ಹೇಳಿದರೆ ಕೇಸು ಹಾಕುವವರು ಯಾರು? ಇನ್ನು ಶಾಸನಸಭೆಯೊಳಗೆ ಏನು ಹೇಳಿದರೂ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ. ಆ ರಕ್ಷಣೆ ಇರಬೇಕು ಎಂದೇ ನನ್ನ ಅಭಿಪ್ರಾಯ. ಯಾವುದು ಸುಳ್ಳು ಎಂದು ತೀರ್ಮಾನಿಸುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಟ್ಟರೆ ಮೊದಲು ಜೈಲಿಗೆ ಹೋಗುವುದು ಸರ್ಕಾರದ ಸುಳ್ಳನ್ನು ತೋರಿಸಿದವರು.

ಈಗೀಗ ಕ್ಷಮೆ ಕೇಳುವ ತಾಪತ್ರಯವೂ ಇಲ್ಲ. ಪೋಸ್ಟ್ ಅಳಿಸಿದರೆ ಆಯಿತು. 2024ರ ನವೆಂಬರಿನಲ್ಲಿ ವಕ್ಫ್ ಜಮೀನಿನ ಗಲಾಟೆ ಜೋರಾಗಿದ್ದಾಗ, ಹಾವೇರಿ ಜಿಲ್ಲೆಯ ರೈತನೊಬ್ಬ ತನ್ನ ಹೊಲ ವಕ್ಫ್ ಪಾಲಾಯಿತೆಂದು ಆತ್ಮಹತ್ಯೆ ಮಾಡಿಕೊಂಡ ಎಂಬ ಸುದ್ದಿಯನ್ನು ಸಂಸದ ತೇಜಸ್ವಿ ಸೂರ್ಯ ಹಂಚಿಕೊಂಡರು. ಆ ಸಾವು ಆದದ್ದು 2022ರ ಜನವರಿಯಲ್ಲಿ, ಕಾರಣ ಸಾಲ ಮತ್ತು ಬೆಳೆ ಹಾನಿ ಎಂದು ಜಿಲ್ಲಾ ಪೊಲೀಸರು ಸ್ಪಷ್ಟನೆ ಕೊಟ್ಟರು. ಪೋಸ್ಟ್ ಮಾಯವಾಯಿತು. ಎಫ್‌ಐಆರ್ ಆಯಿತು, ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ರಾಜ್ಯ ಸರ್ಕಾರದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಸಂಸದರ ಮೇಲೆ ಕೇಸು ಹಾಕಿದ್ದು ಸರಿಯೋ ತಪ್ಪೋ ಎಂದು ಎರಡೂ ಕಡೆಯವರು ತಿಂಗಳುಗಟ್ಟಲೆ ಕಿತ್ತಾಡಿದರು. ಸಾಲದಿಂದ ಸತ್ತ ಎಂದು ಪೊಲೀಸರೇ ಹೇಳಿದ ಮೇಲೆ, ಆ ಸಾಲ ಎಷ್ಟಿತ್ತು, ಯಾರು ಕೊಟ್ಟದ್ದು, ಬೆಳೆ ಹಾನಿಯ ಪರಿಹಾರ ಮನೆಯವರಿಗೆ ಬಂತಾ ಎಂದು ಈ ಕಡೆಯವರಾಗಲಿ ಆ ಕಡೆಯವರಾಗಲಿ ಕೇಳಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.